ಡೈವರ್ಸಿಟಿ ಸ್ಟೇಟ್‌ಮೆಂಟ್ ತಿದ್ದಿಕೊಡುವ ಸರ್ವಿಸ್: 5ಕ್ಕೆ 2 ಸ್ಟಾರ್

ಅಮೆರಿಕದ ಯೂನಿವರ್ಸಿಟಿ ಕೆಲಸಗಳಿಗೆ ಅರ್ಜಿ ತಿದ್ದಿಕೊಡುವ ಆನ್‌ಲೈನ್ ಸರ್ವಿಸ್ ಒಂದಕ್ಕೆ 2023ರ ಅಕ್ಟೋಬರ್‌ನಲ್ಲಿ 140 ಡಾಲರ್ ಕೊಟ್ಟಿದ್ದೆ. ಹೆಸರು ಬೇಡ. ಇಲ್ಲಿ ಪೋಸ್ಟ್‌ಡಾಕ್ (ಪಿಎಚ್‌ಡಿ ಆದಮೇಲಿನ ರಿಸರ್ಚ್ ಕೆಲಸ) ಮಾಡುತ್ತಿರುವ ನಮ್ಮವರು ತುಂಬಾ ಜನ ಈ ಸರ್ವಿಸ್ ಹೇಗಿದೆ ಅಂತ ಕೇಳುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಳ್ಳೆಯದು ಹೇಳ್ತೀನಿ. ಎರಡು ದಿನ ಅಂದಿದ್ದರು, ಮರುದಿನವೇ ಫೈಲ್ ಬಂತು. ಕವರ್ ಲೆಟರ್ ನೀಟಾಗಿತ್ತು. ರಿಸರ್ಚ್ ಬಗ್ಗೆ ನಾನು ಸುತ್ತಿ ಬಳಸಿ ಬರೆದಿದ್ದನ್ನು ಅರ್ಧಕ್ಕೆ ಇಳಿಸಿದ್ದರು. ಆ ಎರಡು ಸ್ಟಾರ್ ಇದಕ್ಕೇ.

ಕೆಟ್ಟಿದ್ದು ಡೈವರ್ಸಿಟಿ ಸ್ಟೇಟ್‌ಮೆಂಟ್. ನಾನು ಅರ್ಜಿ ಹಾಕಿದ್ದು ಒಂದು ಸರ್ಕಾರಿ ಯೂನಿವರ್ಸಿಟಿಗೆ. ಎಲ್ಲ ಸಮುದಾಯದವರನ್ನು ಒಳಗೊಳ್ಳುವ ಬಗ್ಗೆ ನಿಮಗೇನು ಗೊತ್ತು, ಇದುವರೆಗೆ ಏನು ಮಾಡಿದ್ದೀರಿ, ಮುಂದೇನು ಮಾಡುತ್ತೀರಿ ಅಂತ ಈ ಸ್ಟೇಟ್‌ಮೆಂಟ್‌ನಲ್ಲಿ ಎರಡು ಪುಟ ಬರೆಯಬೇಕಿತ್ತು. ನಾನು ತುಮಕೂರಿನ ಬಿಸಿಎಂ ಹಾಸ್ಟೆಲ್ ಬಗ್ಗೆ ಬರೆದೆ. ರಾತ್ರಿ ಹತ್ತರ ಮೇಲೆ ರೂಮಿನ ಲೈಟ್ ಆರಿಸಬೇಕಿತ್ತು, ಮೆಟ್ಟಿಲ ಹತ್ತಿರ ಮಾತ್ರ ಒಂದು ಟ್ಯೂಬ್‌ಲೈಟ್ ಉರಿಯುತ್ತಿತ್ತು. ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ ಬಂದ ಫಸ್ಟ್ ಪಿಯುಸಿ ಹುಡುಗಿಯರು ಪುಸ್ತಕ ಹಿಡಿದು ಅಲ್ಲಿಗೆ ಬರುತ್ತಿದ್ದರು. "ಅಕ್ಕಾ, ವೇಗೋತ್ಕರ್ಷ ಅಂದ್ರೆ ಗೊತ್ತು, ಈ ಆಕ್ಸಲರೇಶನ್ ಏನಕ್ಕಾ?" ಎರಡೂ ಒಂದೇ ಕಣೇ ಅಂದಾಗ ಅವರ ಮುಖ ನೋಡಬೇಕಿತ್ತು. ಕೊನೆಗೆ ಬರೆದಿದ್ದೆ: ಯಾರೇ ಬರಲಿ, ಎಲ್ಲರನ್ನೂ ಒಂದೇ ಸಮ ನೋಡ್ತೀನಿ.

ವಾಪಸ್ ಬಂದ ಫೈಲಿನಲ್ಲಿ ಮೆಟ್ಟಿಲೂ ಇರಲಿಲ್ಲ, ಹುಡುಗಿಯರೂ ಇರಲಿಲ್ಲ. ಬದಲಿಗೆ ನಾನು ಜೀವನದಲ್ಲಿ ಒಮ್ಮೆಯೂ ಆಡದ ದೊಡ್ಡ ದೊಡ್ಡ ಮಾತುಗಳು, ಅದೂ "ನಾನು ಬದ್ಧಳಾಗಿದ್ದೇನೆ" ಅಂತ. ಕೊನೆಯ ಸಾಲಿಗೆ ಕೆಂಪು ಗೆರೆ, ಪಕ್ಕದಲ್ಲಿ ಒಂದು ಕಾಮೆಂಟ್: ಇದನ್ನು ತೆಗೆಯಿರಿ, ಅಂಕ ಹೋಗುತ್ತದೆ.

ಅವರು ಸುಳ್ಳು ಹೇಳಿರಲಿಲ್ಲ, ನನಗೆ ನೋವಾಗಿದ್ದೇ ಅದಕ್ಕೆ. ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ಸೇರಿದ ಬರ್ಕ್‌ಲಿ ಕ್ಯಾಂಪಸ್‌ನವರು ಈ ಸ್ಟೇಟ್‌ಮೆಂಟ್‌ಗೆ ಅಂಕ ಹಾಕುತ್ತಿದ್ದ ಪಟ್ಟಿ ತೆಗೆದು ನೋಡಿದೆ. ಮೂರು ಭಾಗ, ಒಂದೊಂದಕ್ಕೂ 1ರಿಂದ 5 ಅಂಕ. ವಿದ್ಯಾರ್ಥಿಗಳ ಹಿನ್ನೆಲೆ ನೋಡದೆ ಎಲ್ಲರನ್ನೂ ಒಂದೇ ಥರ ನೋಡ್ತೀನಿ ಅಂದರೆ ಕಡಿಮೆ ಅಂಕ ಅಂತ ಅದರಲ್ಲೇ ಇತ್ತು. 2018-19ರಲ್ಲಿ ಅಲ್ಲಿನ ಜೀವವಿಜ್ಞಾನ ವಿಭಾಗಗಳ ನೇಮಕಾತಿಯಲ್ಲಿ 893 ಅರ್ಹ ಅರ್ಜಿಗಳ ಪೈಕಿ 679 ಈ ಒಂದು ಸ್ಟೇಟ್‌ಮೆಂಟ್‌ನಿಂದಲೇ ಬಿದ್ದವು. ಅವರ ರಿಸರ್ಚ್ ಹೇಗಿದೆ ಅಂತ ನೋಡುವ ಹಂತವೇ ಬರಲಿಲ್ಲ.

ಬಡ ಮಕ್ಕಳಿಗೆ ಕೈ ಹಿಡಿಯಬೇಕು ಅನ್ನುವುದರಲ್ಲಿ ನನಗೆ ತಕರಾರಿಲ್ಲ. ನಾನು ಓದಿದ್ದೇ ಹಾಸ್ಟೆಲ್ ಮತ್ತು ಸ್ಕಾಲರ್‌ಶಿಪ್‌ನಿಂದ. ಏನು ಮಾಡಿದ್ದೀಯಾ ಅಂತ ಕೇಳಲಿ, ಖುಷಿಯಿಂದ ಹೇಳ್ತೀನಿ. ಆದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಸಂಸ್ಥೆ ನನ್ನ ನಂಬಿಕೆಗೆ ಅಂಕ ಹಾಕಬಾರದು. ಇದೇ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ 1949ರಲ್ಲಿ ಕಮ್ಯುನಿಸ್ಟ್ ಅಲ್ಲ ಅಂತ ಪ್ರಮಾಣ ಮಾಡಿ ಸಹಿ ಹಾಕಿ ಅಂದಿತ್ತು. ಒಪ್ಪದ 31 ಜನ ಪ್ರೊಫೆಸರ್‌ಗಳನ್ನು 1950ರ ಆಗಸ್ಟ್‌ನಲ್ಲಿ ಮನೆಗೆ ಕಳಿಸಿತು. ಅವರಲ್ಲೊಬ್ಬರು ಡೇವಿಡ್ ಸ್ಯಾಕ್ಸನ್, ನನ್ನ ಹಾಗೇ ಫಿಸಿಕ್ಸ್‌ನವರು. 1952ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಸಹಿ ಹಾಕದವರ ಪರ ತೀರ್ಪು ಕೊಟ್ಟಿತು. ಅದೇ ಸ್ಯಾಕ್ಸನ್ 1975ರಲ್ಲಿ ಇಡೀ ಯೂನಿವರ್ಸಿಟಿಗೆ ಪ್ರೆಸಿಡೆಂಟ್ ಆದರು!

ಇದು ಒಂದು ಪಕ್ಷದ ತಪ್ಪು ಅಂತ ಯಾರೂ ತಿಳಿಯಬೇಡಿ. ಫ್ಲೋರಿಡಾದ ರಿಪಬ್ಲಿಕನ್ ಪಕ್ಷದ ಸರ್ಕಾರದವರು 2022ರಲ್ಲಿ ಜನಾಂಗದ ವಿಷಯದಲ್ಲಿ ಪ್ರೊಫೆಸರ್‌ಗಳು ಕ್ಲಾಸಿನಲ್ಲಿ ಯಾವ ಅಭಿಪ್ರಾಯ ಹೇಳಬಾರದು ಅಂತ ಕಾನೂನೇ ಮಾಡಿದರು. ಅದೇ ನವೆಂಬರ್‌ನಲ್ಲಿ ಫೆಡರಲ್ ಕೋರ್ಟ್ ಅದನ್ನು ಯೂನಿವರ್ಸಿಟಿಗಳ ಮಟ್ಟಿಗೆ ತಡೆಯಿತು. ಇದನ್ನು ಹೇಳು, ಅದನ್ನು ಹೇಳಬೇಡ, ಎರಡೂ ನನಗೆ ಬೇಡ.

ನಾನು ಅವರ ಫೈಲ್ ಕಳಿಸಲಿಲ್ಲ. ನನ್ನದೇ ಕಳಿಸಿದೆ, ಮೆಟ್ಟಿಲು, ಹುಡುಗಿಯರು, ಆ ಕೊನೆಯ ಸಾಲು ಎಲ್ಲ ಸೇರಿಸಿ. ಇಂಟರ್‌ವ್ಯೂಗೆ ಕರೆಯಲಿಲ್ಲ. ಕಾರಣ ಏನು ಅಂತಲೂ ಹೇಳಲಿಲ್ಲ.

2025ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ನೇಮಕಾತಿಯಲ್ಲಿ ಈ ಸ್ಟೇಟ್‌ಮೆಂಟ್ ಕೇಳುವುದನ್ನು ನಿಲ್ಲಿಸಿತು. ಬೇರೆ ಕಡೆ ಅರ್ಜಿ ಹಾಕುವವರು ಕವರ್ ಲೆಟರ್‌ಗೆ ಬೇಕಾದರೆ ಈ ಸರ್ವಿಸ್‌ಗೆ ದುಡ್ಡು ಕೊಡಿ, ಕೆಲಸ ಚೆನ್ನಾಗಿ ಮಾಡ್ತಾರೆ. ನಿಮ್ಮ ಬಗ್ಗೆ ಬರೆಯುವ ಪುಟಗಳನ್ನು ಮಾತ್ರ ಅವರ ಕೈಗೆ ಕೊಡಬೇಡಿ. ನಿಮ್ಮ ಊರು, ನಿಮ್ಮ ಹಾಸ್ಟೆಲ್ ನೋಡಿರುವ ಸ್ನೇಹಿತರಿದ್ದರೆ ಅವರಿಗೆ ಓದಿ ಹೇಳಿ.