ರೆಜಿಮೆಂಟ್ ಬ್ಯಾಡ್ಜ್‌ಗಳಿಗೆ ರೆನೆಸಾನ್ಸ್ ವ್ಯಾಕ್ಸ್

1950ರ ದಶಕದಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಯೋಗಾಲಯದಲ್ಲಿ ರೂಪುಗೊಂಡ ಮೇಣವಿದು. ಬ್ರಿಟಿಷ್ ಸೇನೆಯ ಹಳೆಯ ಹಿತ್ತಾಳೆ ಟೋಪಿ ಬ್ಯಾಡ್ಜ್‌ಗಳ ಮೇಲೆ ಬೆರಳಚ್ಚು ಕಪ್ಪಾಗಿ ಉಳಿಯದಂತೆ ಚೆನ್ನಾಗಿ ಕಾಯುತ್ತದೆ. ಆದರೆ ಇದು ಕಿಲುಬು ತೆಗೆಯುವ ಮದ್ದಲ್ಲ. ಹಸಿರು ಕಿಲುಬಿನ ಮೇಲೇ ಬಳಿದರೆ ಆ ಕಿಲುಬು ಒಳಗೊಳಗೇ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಮೊದಲು ಬಿದಿರುಕಡ್ಡಿಯಿಂದ ಕೆರೆದು ತೆಗೆಯಿರಿ.

ಹತ್ತಿಬಟ್ಟೆಯ ತುದಿಗೆ ಅಕ್ಕಿಕಾಳಿನಷ್ಟು ಸಾಕು. ತೆಳ್ಳಗೆ ಸವರಿ ಕೂಡಲೇ ಉಜ್ಜಿ. ದಪ್ಪ ಬಳಿದು ಬಿಟ್ಟರೆ ಕಿರೀಟದ ಸಂದಿನಲ್ಲಿ, ಅಕ್ಷರಗಳ ನಡುವೆ ಬೆಳ್ಳಗೆ ಕೂರುತ್ತದೆ, ಆಮೇಲೆ ಮೆತ್ತನೆ ಬ್ರಷ್ಷೇ ಗತಿ. ಹಿಂಬದಿಯ ಸ್ಲೈಡರ್, ಅಂದರೆ ಟೋಪಿಗೆ ಸಿಕ್ಕಿಸುವ ಲೋಹಪಟ್ಟಿಯ ಬೆಸುಗೆಗೂ ಸವರಲು ಮರೆಯಬೇಡಿ.

ಎರಡನೇ ಮಹಾಯುದ್ಧದ ಪ್ಲಾಸ್ಟಿಕ್ ಬ್ಯಾಡ್ಜ್‌ಗಳಿಗೆ ಮಾತ್ರ ಬೇಡ. ಇದರಲ್ಲಿರುವ ದ್ರಾವಕ ಪ್ಲಾಸ್ಟಿಕ್ಕನ್ನು ಕೆಡಿಸಬಹುದು, ಆ ಅಪಾಯ ಯಾಕೆ? ಮೇಣ ಹಚ್ಚಿದ ಹಿತ್ತಾಳೆ ಬ್ಯಾಡ್ಜನ್ನೂ ಪಿವಿಸಿ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟರೆ ಮತ್ತೆ ಕಿಲುಬೇ.