ಅಧ್ಯಯನ ಮಂಡಳಿಯೋ, ಶೈಕ್ಷಣಿಕ ಮಂಡಳಿಯೋ?

ಉಡುಪಿಯ ಪದವಿ ಕಾಲೇಜಿನ ಅಧ್ಯಾಪಕಿಯೊಬ್ಬರು, ಮಂಗಳೂರು ವಿಶ್ವವಿದ್ಯಾನಿಲಯದ ಅಧ್ಯಯನ ಮಂಡಳಿ ಹಾಗೂ ಶೈಕ್ಷಣಿಕ ಮಂಡಳಿ ಇವೆರಡರಲ್ಲಿ ಯಾವುದರ ಸದಸ್ಯತ್ವಕ್ಕೆ ಒಪ್ಪಿಗೆ ನೀಡುವುದು ಒಳಿತೆಂದು ಕೇಳಿದ್ದಾರೆ. ಎರಡೂ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ, 2000ರ ಅಡಿಯಲ್ಲಿಯೇ ರಚನೆಯಾಗುತ್ತವೆ. ಕೆಲಸ ಮಾತ್ರ ಬೇರೆ.

ಮೊದಲು ಪರಿಣಾಮವನ್ನು ನೋಡೋಣ. ಅಧ್ಯಯನ ಮಂಡಳಿ ಒಂದು ವಿಷಯದ ಪಠ್ಯಕ್ರಮಕ್ಕೆ ಸೀಮಿತವಾದದ್ದು. ಯಾವ ಘಟಕ ಇರಬೇಕು, ಅದಕ್ಕೆ ಎಷ್ಟು ಗಂಟೆ ಬೇಕು, ಸೂಚಿಸಿದ ಪರಾಮರ್ಶನ ಗ್ರಂಥ ಕುಂದಾಪುರದ ಅಥವಾ ಸುಳ್ಯದ ಕಾಲೇಜಿನ ಗ್ರಂಥಾಲಯದಲ್ಲಿ ಸಿಗುತ್ತದೆಯೇ ಎಂಬಂತಹ ಪ್ರಶ್ನೆಗಳು ಅಲ್ಲಿಯೇ ಏಳಬೇಕು, ಏಕೆಂದರೆ ಕಡತ ಮೇಲಕ್ಕೆ ಹೋದ ಮೇಲೆ ಇಷ್ಟು ಸಣ್ಣ ವಿವರವನ್ನು ಬಿಡಿಸಿ ನೋಡುವವರು ವಿರಳ. ಪಾಠ ಮಾಡುವವರ ಅನುಭವಕ್ಕೆ ನಿಜವಾದ ಬೆಲೆ ಇರುವುದು ಇಲ್ಲಿ ಎಂಬುದು ನನ್ನ ದೃಢ ಅಭಿಪ್ರಾಯ.

ಆದರೆ ಅಧ್ಯಯನ ಮಂಡಳಿಯದು ಶಿಫಾರಸು ಮಾತ್ರ. ಕುಲಪತಿಗಳ ಅಧ್ಯಕ್ಷತೆಯ ಶೈಕ್ಷಣಿಕ ಮಂಡಳಿ ಕಲೆ, ವಿಜ್ಞಾನ, ವಾಣಿಜ್ಯದಂತಹ ಎಲ್ಲ ನಿಕಾಯಗಳ ಪ್ರಸ್ತಾವಗಳನ್ನು ಪರಿಶೀಲಿಸುತ್ತದೆ. ಹೊಸ ಕೋರ್ಸು, ಪರೀಕ್ಷೆಯ ನಿಯಮಗಳಂತಹ ಸಂಗತಿಗಳಲ್ಲಿ ಅದರ ತೀರ್ಮಾನ ಎಲ್ಲ ಕಾಲೇಜುಗಳನ್ನೂ ಮುಟ್ಟುತ್ತದೆ. ಹಣಕಾಸು, ನೇಮಕಾತಿ ಮಾತ್ರ ವಿಶ್ವವಿದ್ಯಾನಿಲಯದ ಕಾರ್ಯನಿರ್ವಾಹಕ ಸಮಿತಿಯಾದ ಸಿಂಡಿಕೇಟಿನ ವ್ಯಾಪ್ತಿಗೆ ಸೇರಿದವು.

ಸಮಯದ ಮಟ್ಟಿಗೆ, ಉಡುಪಿಯಿಂದ ತೊಕ್ಕೊಟ್ಟು, ದೇರಳಕಟ್ಟೆ ದಾಟಿ ವಿಶ್ವವಿದ್ಯಾನಿಲಯವಿರುವ ಕೊಣಾಜೆಗೆ ಬಸ್ಸಿನಲ್ಲಿ ಹೋಗಿ ಬರುವವರಿಗೆ ಯಾವ ಸಭೆಯಾದರೂ ಒಂದು ದಿನ ಹೋದಂತೆಯೇ. ಶೈಕ್ಷಣಿಕ ಮಂಡಳಿಗೆ ದಪ್ಪನೆಯ ಕಾರ್ಯಸೂಚಿಯನ್ನು ಮೊದಲೇ ಓದುವ ಶ್ರಮವೂ ಸೇರುತ್ತದೆ.

ತಮ್ಮ ವಿಷಯದ ಪಠ್ಯಕ್ರಮ ಸುಧಾರಿಸಬೇಕೆಂಬ ಹಂಬಲವಿರುವವರಿಗೆ ಅಧ್ಯಯನ ಮಂಡಳಿ ಸೂಕ್ತ. ಹಲವು ವಿಭಾಗಗಳ ತೊಂದರೆಗಳನ್ನು ಬಲ್ಲ, ನಿಯಮಾವಳಿಯ ಭಾಷೆ ರೂಢಿಯಿರುವ ಹಿರಿಯರಿಗೆ, ಪ್ರಾಂಶುಪಾಲರಿಗೆ ಶೈಕ್ಷಣಿಕ ಮಂಡಳಿ ಹೊಂದುತ್ತದೆ. ತನ್ನ ಪಠ್ಯಕ್ರಮವನ್ನು ತಾನೇ ರೂಪಿಸಿಕೊಳ್ಳುವ ಸ್ವಾಯತ್ತ ಕಾಲೇಜಿನಲ್ಲಿರುವವರಾದರೆ, ಅಲ್ಲಿನದೇ ಅಧ್ಯಯನ ಮಂಡಳಿಯಲ್ಲಿ ಮೊದಲು ಕೆಲಸ ಮಾಡುವುದು ಲೇಸು.