ಗಂಡೆಂದು ಮಾರಿದ ಗೋಸುಂಬೆಯ ಹೊಟ್ಟೆಯಲ್ಲಿ ಮೊಟ್ಟೆಗಳಿದ್ದವು: ಕೊಳ್ಳುವ ಮುನ್ನ ಇದನ್ನು ಓದಿ

ಎರಡು ವಾರದಿಂದ ಇದನ್ನು ಬರೆಯಲು ಕೂರುವುದು, ಏಳುವುದು ನಡೆದಿದೆ. ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಾಗಿತ್ತು. ಆದರೆ ನನಗೆ ಮಾರಿದವರೇ ಮತ್ತೊಂದು ಗೋಸುಂಬೆಯನ್ನು ಮಾರಾಟಕ್ಕಿಟ್ಟಿದ್ದಾರೆಂದು ನಿನ್ನೆ ಗೊತ್ತಾದ ಮೇಲೆ ಸುಮ್ಮನಿರುವುದು ಸರಿಯಲ್ಲವೆನ್ನಿಸಿತು. ಮೊದಲ ಬಾರಿಗೆ ಗೋಸುಂಬೆ ಸಾಕಬೇಕೆಂದಿರುವವರು ದಯವಿಟ್ಟು ಪೂರ್ತಿ ಓದಿ. ಮಾರಿದವರ ಹೆಸರನ್ನು ಇಲ್ಲಿ ಹಾಕುವುದಿಲ್ಲ. ಅವರು ಮಾಡಿದ್ದನ್ನು ಮಾಡುವವರು ಬೇರೆ ಹೆಸರುಗಳಲ್ಲಿಯೂ ಇರುತ್ತಾರೆ.

ನಾನು ಕೇಳಿದ್ದು ವೇಲ್ಡ್ ಜಾತಿಯ ಗಂಡು ಗೋಸುಂಬೆಯನ್ನು. ಯೆಮೆನ್ ಮತ್ತು ಸೌದಿ ಅರೇಬಿಯಾ ಮೂಲದ, ನೆತ್ತಿಯ ಮೇಲೆ ಎತ್ತರದ ಕಿರೀಟವಿರುವ ಈ ಜಾತಿಯನ್ನು ಸಾಕುವವರೆಲ್ಲ ಬಲ್ಲರು. ಗಂಡೇ ಬೇಕೆಂದು ಕೇಳಲು ಕಾರಣವಿತ್ತು. ಈ ಜಾತಿಯ ಹೆಣ್ಣು ಗಂಡಿನ ಜೊತೆ ಸೇರದೆಯೂ ಮೊಟ್ಟೆ ಕಟ್ಟುತ್ತದೆ, ಅದೂ ಒಂದೊಂದು ಸಲಕ್ಕೆ ಹತ್ತಾರು ಮೊಟ್ಟೆಗಳನ್ನು. ಹೊಸದಾಗಿ ಸಾಕುವವನಿಗೆ ಆ ಜವಾಬ್ದಾರಿ ಬೇಡವೆಂದು ಓದಿಕೊಂಡಿದ್ದೆ. ಇಷ್ಟೆಲ್ಲ ಓದಿದ ನಾನು ಗಂಡು ಹೆಣ್ಣನ್ನು ಗುರುತಿಸುವುದು ಹೇಗೆ ಎಂಬ ಒಂದು ಸಾಲನ್ನು ಮಾತ್ರ ಓದಿರಲಿಲ್ಲ. ಮಾರುವವರಿಗೆ ಅದು ಗೊತ್ತಿರುತ್ತದೆ, ಅವರು ಹೇಳಿದರೆ ಸಾಕು ಎಂದುಕೊಂಡೆ. ಅವರ ಉತ್ತರ ಇನ್ನೂ ನನ್ನ ಫೋನಿನಲ್ಲಿದೆ: “ಹಂಡ್ರೆಡ್ ಪರ್ಸೆಂಟ್ ಗಂಡು ಸರ್, ಐದು ತಿಂಗಳು, ನಾನೇ ಮರಿ ಮಾಡಿಸಿದ್ದು.” ಗಾಜಿನ ಪೆಟ್ಟಿಗೆ, “ಯುವಿ ಬಲ್ಬ್”, ನೀರಿನ ಬಟ್ಟಲು, ಪ್ಲಾಸ್ಟಿಕ್ ಬಳ್ಳಿ ಎಲ್ಲವನ್ನೂ ಸೇರಿಸಿ ಒಟ್ಟಿಗೇ ಹಣ ಪಡೆದರು. ಎಷ್ಟು ಕೊಟ್ಟೆನೆಂದು ಬರೆಯಲು ನಾಚಿಕೆಯಾಗುತ್ತದೆ. ಆ ಪ್ರಾಣಿಗೆ ಭೀಮ ಎಂದು ಹೆಸರಿಟ್ಟೆ.

ಎರಡನೆಯ ವಾರದಿಂದಲೇ ಭೀಮ ಮಧ್ಯಾಹ್ನದ ಹೊತ್ತು ಕಣ್ಣು ಮುಚ್ಚಿಕೊಂಡು ಕೂರತೊಡಗಿತು. ಗೋಸುಂಬೆ ಹಗಲಿನಲ್ಲಿ ನಿದ್ದೆ ಮಾಡುವ ಪ್ರಾಣಿಯಲ್ಲ, ಹಗಲು ಕಣ್ಣು ಮುಚ್ಚಿದೆಯೆಂದರೆ ಏನೋ ತೊಂದರೆಯಿದೆ ಎಂದೇ ಅರ್ಥ. ಇದನ್ನು ಇಂದು ನಾನು ಯಾರಿಗೆ ಬೇಕಾದರೂ ಹೇಳಬಲ್ಲೆ. ಅಂದು ಮಾರಿದವರನ್ನು ಕೇಳಿದೆ. “ಹೊಸ ಜಾಗ ಸರ್, ಮುನಿಸ್ಕೊಂಡಿದೆ, ಸರಿ ಹೋಗುತ್ತೆ” ಎಂದರು. ನಾಲ್ಕನೆಯ ವಾರ ಹುಳುವಿನತ್ತ ಚಾಚಿದ ನಾಲಿಗೆ ಅರ್ಧದಲ್ಲಿಯೇ ನಿಲ್ಲುತ್ತಿತ್ತು, ಕೊಂಬೆಯನ್ನು ಹಿಡಿದ ಮುಂಗಾಲು ಜಾರುತ್ತಿತ್ತು, ಹಿಡಿತ ಸಿಕ್ಕಮೇಲೂ ಕಾಲು ಸಣ್ಣಗೆ ನಡುಗುತ್ತಿತ್ತು. ವೀಡಿಯೊ ಮಾಡಿ ಕಳಿಸಿದೆ. “ಪೊರೆ ಬಿಡೋ ಟೈಮ್ ಸರ್, ಎಲ್ಲದಕ್ಕೂ ಹಾಗೇ. ಚೆನ್ನಾಗಿ ತಿನ್ನಿಸಿ, ಎಷ್ಟು ತಿಂದ್ರೆ ಅಷ್ಟು ಹಾಕಿ.” ಹಾಕಿದೆ. ದಿನಕ್ಕೆ ಹತ್ತು, ಹನ್ನೆರಡು ಚಿಮ್ಮಂಡೆಗಳನ್ನು ಹಾಕಿದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮಾತನ್ನು ನನ್ನ ಮೇಲೆ ತಿರುಗಿಸುತ್ತಾರೆ.

ಐದನೆಯ ವಾರ ನಡೆದದ್ದು ಇವತ್ತಿಗೂ ಚುಚ್ಚುತ್ತದೆ. ಒಂದು ಬೆಳಿಗ್ಗೆ ನೋಡಿದರೆ ಮೈಯೆಲ್ಲ ಕಪ್ಪಿಗೆ ಹತ್ತಿರವಾದ ಕಡು ಹಸಿರು, ಅದರ ಮೇಲೆ ನೀಲಿ ಮತ್ತು ಹಳದಿಯ ಚುಕ್ಕೆಗಳು. ಅಷ್ಟು ಚಂದದ ಬಣ್ಣವನ್ನು ಅಲ್ಲಿಯವರೆಗೆ ಅದರ ಮೈಮೇಲೆ ಕಂಡಿರಲಿಲ್ಲ. ಚಿತ್ರ ತೆಗೆದು ಸ್ನೇಹಿತರಿಗೆಲ್ಲ ಕಳಿಸಿದೆ, ಎಲ್ಲರೂ ಹೊಗಳಿದರು. ಮಾರಿದವರಿಗೂ ಕಳಿಸಿದೆ, ಅವರು ಒಂದು ಹೆಬ್ಬೆರಳನ್ನು ಉತ್ತರವಾಗಿ ಕಳಿಸಿದರು. ಮೊಟ್ಟೆ ಹೊತ್ತ ಹೆಣ್ಣು ತೋರಿಸುವ ಬಣ್ಣ ಅದು. ಮಾತು ಬದಲಿಸುವವರನ್ನು ಗೋಸುಂಬೆ ಎಂದು ಬೈಯುವುದನ್ನು ನಾನು ಅಂದಿನಿಂದ ಬಿಟ್ಟಿದ್ದೇನೆ. ಆ ಪ್ರಾಣಿ ತನ್ನ ಸ್ಥಿತಿಯನ್ನು ಮೈಮೇಲೆ ಬರೆದು ತೋರಿಸಿತ್ತು, ಓದಲು ಬಾರದವನು ನಾನು, ಓದಲು ಬಂದರೂ ಸುಮ್ಮನಿದ್ದವರು ಅವರು.

ಏಳನೆಯ ವಾರ ಅದು ತಿನ್ನುವುದನ್ನು ಬಿಟ್ಟು ಕೊಂಬೆಯಿಂದಿಳಿದು ಪೆಟ್ಟಿಗೆಯ ತಳದಲ್ಲಿ ಅತ್ತಿತ್ತ ಓಡಾಡತೊಡಗಿತು. ಮೂಲೆಯ ಗಾಜನ್ನು ಮುಂಗಾಲುಗಳಿಂದ ಕೆರೆಯುತ್ತಿತ್ತು, ನಿಲ್ಲಿಸುತ್ತಿತ್ತು, ಮತ್ತೆ ಕೆರೆಯುತ್ತಿತ್ತು. ಮೊಟ್ಟೆಯಿಡಲು ಅಗೆಯುವ ಮಣ್ಣನ್ನು ಹುಡುಕುತ್ತಿದ್ದ ಹೆಣ್ಣು ಅದು, ಸಿಕ್ಕಿದ್ದು ಗಾಜು. ಕೇಳಿದ್ದಕ್ಕೆ ಬಂದ ಉತ್ತರ: “ಹೊರಗೆ ಬರ್ಬೇಕು ಅಂತಿದೆ ಸರ್, ಸ್ವಲ್ಪ ಆಡಿಸಿ.” ನಾನು ಅದನ್ನು ಹೊರಗೆ ತೆಗೆದು ಕೈಮೇಲೆ ಕೂರಿಸಿಕೊಂಡು ಅರ್ಧ ಗಂಟೆ ಆಡಿಸಿದೆ. ಕೈಯಲ್ಲಿ ಹಿಡಿಯುವುದೇ ಗೋಸುಂಬೆಗೆ ಒತ್ತಡವೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೂ ಅವರು ಹೇಳಿದರೆಂದು ಆಡಿಸಿದೆ.

ಮೂರನೆಯ ದಿನ ಅದು ತಳದಲ್ಲಿ ಮಲಗಿಬಿಟ್ಟಿತ್ತು. ಕಣ್ಣು ಗುಳಿ ಬಿದ್ದಿತ್ತು. ನಾನು ಹೋದ ಮೊದಲ ಪಶುವೈದ್ಯರು ಸರೀಸೃಪಗಳನ್ನು ನೋಡುವುದಿಲ್ಲವೆಂದು ಪ್ರಾಮಾಣಿಕವಾಗಿ ಹೇಳಿ ಬೇರೊಬ್ಬರ ಬಳಿ ಕಳಿಸಿದರು, ಅದರಲ್ಲಿ ಒಂದು ದಿನ ಹೋಯಿತು. ಎರಡನೆಯ ವೈದ್ಯರು ಪ್ರಾಣಿಯನ್ನು ಕೈಗೆತ್ತಿಕೊಂಡು, ಹಿಂಗಾಲನ್ನು ಎರಡು ಬೆರಳಿನಲ್ಲಿ ಮೆಲ್ಲಗೆ ತಿರುಗಿಸಿ ನೋಡಿ, “ಗಂಡು ಅಂತ ಯಾರು ಹೇಳಿದ್ರು?” ಎಂದು ಕೇಳಿದರು. ವೇಲ್ಡ್ ಜಾತಿಯ ಗಂಡಿಗೆ ಹಿಂಗಾಲಿನ ಹಿಮ್ಮಡಿಯಲ್ಲಿ, ಹುಂಜದ ಕಾಲಿನಲ್ಲಿರುತ್ತದಲ್ಲ ಹಾಗೆ, ಸಣ್ಣ ಮುಳ್ಳಿನಂಥ ಮೊನೆ ಮೊಟ್ಟೆಯೊಡೆದು ಬರುವಾಗಲೇ ಇರುತ್ತದಂತೆ. ಹೆಣ್ಣಿಗೆ ಅದು ಇರುವುದಿಲ್ಲ. ಭೀಮನ ಹಿಮ್ಮಡಿ ನುಣ್ಣಗಿತ್ತು. ಗಂಡು ಹೆಣ್ಣಿನ ಗುರುತು ಇಷ್ಟೇ. ಇದನ್ನು ತಿಳಿಯಲು ವೈದ್ಯರಾಗಬೇಕಿಲ್ಲ, “ನಾನೇ ಮರಿ ಮಾಡಿಸಿದ್ದು” ಎನ್ನುವವರಿಗೆ ಇದು ಗೊತ್ತಿಲ್ಲದಿರಲು ಸಾಧ್ಯವೇ ಇಲ್ಲ. ಸಾಧ್ಯವೇ ಇಲ್ಲ.

ಎಕ್ಸ್-ರೇಯಲ್ಲಿ ಹೊಟ್ಟೆಯ ತುಂಬ ದುಂಡು ನೆರಳುಗಳು. ವೈದ್ಯರು 40 ರವರೆಗೆ ಎಣಿಸಿ ನಿಲ್ಲಿಸಿದರು. ಮೂಳೆಗಳು ಮಾತ್ರ ಇರಬೇಕಾದಷ್ಟು ಬೆಳ್ಳಗೆ ಕಾಣಲಿಲ್ಲ. ದೇಹದಲ್ಲಿದ್ದ ಅಲ್ಪಸ್ವಲ್ಪ ಕ್ಯಾಲ್ಸಿಯಂ ಮೊಟ್ಟೆಗಳಿಗೆ ಹೋಗಿತ್ತು, ಅವುಗಳನ್ನು ಹೊರದೂಡುವ ಸ್ನಾಯುಗಳಿಗೆ ಉಳಿದಿರಲಿಲ್ಲ. ಮನೆಯ ವ್ಯವಸ್ಥೆಯನ್ನು ಒಂದೊಂದಾಗಿ ಕೇಳುತ್ತಾ ಹೋದರು, ನಾನು ಒಂದೊಂದಾಗಿ ಮೂರ್ಖನಾಗುತ್ತಾ ಹೋದೆ. “ಯುವಿ ಬಲ್ಬ್” ಎಂದು ಕೊಟ್ಟದ್ದು ಬರೀ ಬಿಸಿ ಕೊಡುವ ಬಲ್ಬ್, ಅದರ ಮೇಲೆಲ್ಲೂ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ನೇರಳಾತೀತ ಕಿರಣ) ಎಂಬ ಗುರುತೇ ಇರಲಿಲ್ಲ. ಯುವಿಬಿ ಕಿರಣವಿಲ್ಲದೆ ಗೋಸುಂಬೆಯ ಮೈಯಲ್ಲಿ ಸಾಕಷ್ಟು ವಿಟಮಿನ್ ಡಿ3 ತಯಾರಾಗುವುದಿಲ್ಲ, ಡಿ3 ಇಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತುವುದಿಲ್ಲ. ಪೆಟ್ಟಿಗೆಯನ್ನು ಕಿಟಕಿಯ ಬಳಿ ಇಟ್ಟಿದ್ದೇನೆ, ಬಿಸಿಲು ಬೀಳುತ್ತದೆ ಎಂದೆ. ಕಿಟಕಿಯ ಗಾಜು ಯುವಿಬಿಯನ್ನು ತಡೆಯುತ್ತದೆ ಎಂದರು. ಬಟ್ಟಲಿನ ನೀರು ದಿನಾ ಕಡಿಮೆಯಾಗುತ್ತಿತ್ತು, ಕುಡಿಯುತ್ತಿದೆಯೆಂದುಕೊಂಡಿದ್ದೆ. ಅದು ಬಲ್ಬಿನ ಬಿಸಿಗೆ ಆರುತ್ತಿದ್ದ ನೀರು. ಗೋಸುಂಬೆ ಎಲೆಯ ಮೇಲಿನ ಹನಿಗಳನ್ನು ನೆಕ್ಕಿ ಕುಡಿಯುತ್ತದೆಯೇ ಹೊರತು ಬಟ್ಟಲಿನಲ್ಲಿ ನಿಂತ ನೀರನ್ನು ನೀರೆಂದು ಗುರುತಿಸುವುದೇ ಅಪರೂಪ. ಹಿಕ್ಕೆಯಲ್ಲಿ ಬಿಳಿಯಾಗಿರಬೇಕಾದ ಭಾಗ ವಾರಗಟ್ಟಲೆ ಕಿತ್ತಳೆ ಬಣ್ಣದಲ್ಲಿತ್ತು, ನೀರು ಸಾಲದೆಂಬುದರ ಗುರುತು ಅದೇ, ನಾನು ಅದನ್ನು ಒರೆಸಿ ಎಸೆಯುತ್ತಿದ್ದೆ.

ಮೂರು ದಿನ ಚಿಕಿತ್ಸೆ ನಡೆಯಿತು. ದ್ರವ ಕೊಟ್ಟರು, ಕ್ಯಾಲ್ಸಿಯಂ ಚುಚ್ಚಿದರು, ಒದ್ದೆ ಮರಳು ತುಂಬಿದ ಬಕೆಟ್ಟಿನಲ್ಲಿ ಬಿಟ್ಟು ನೋಡಿದರು. ಅದಕ್ಕೆ ಅಗೆಯುವ ಶಕ್ತಿ ಉಳಿದಿರಲಿಲ್ಲ, ಶಸ್ತ್ರಚಿಕಿತ್ಸೆಯನ್ನು ತಡೆದುಕೊಳ್ಳುವ ಶಕ್ತಿಯಂತೂ ಇರಲೇ ಇಲ್ಲ. ಮೂರನೆಯ ದಿನ ಬೆಳಗಿನ ಜಾವ ಸತ್ತಿತು. ವೈದ್ಯರ ಚೀಟಿಯಲ್ಲಿ “ಭೀಮ, ಹೆಣ್ಣು” ಎಂದು ಬರೆದಿದೆ.

ಇದ್ದಕ್ಕಿದ್ದಂತೆ ಕಾಯಿಲೆ ಬಿತ್ತು ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಇದ್ದಕ್ಕಿದ್ದಂತೆ ಏನೂ ಆಗಿರಲಿಲ್ಲ. ಗೋಸುಂಬೆ ಕಾಯಿಲೆಯನ್ನು ಕೊನೆಯವರೆಗೂ ಬಚ್ಚಿಡುತ್ತದೆ, ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ.

ಆ ಸಂಜೆ ಮಾರಾಟದ ಸಮಯದ ಚಿತ್ರಗಳನ್ನು ತೆರೆದು ನೋಡಿದೆ. ಮೂರು ಚಿತ್ರಗಳಲ್ಲಿಯೂ ಹಿಂಗಾಲು ಅವರ ಬೆರಳುಗಳ ಹಿಂದೆ ಅಥವಾ ಎಲೆಯ ಹಿಂದೆ ಇತ್ತು. ಬೇಕೆಂದೇ ಮಾಡಿದರೆಂದು ನಾನು ಸಾಬೀತು ಮಾಡಲಾರೆ. ಆದರೆ ಹನ್ನೊಂದು ಸೆಕೆಂಡುಗಳ ಒಂದು ವೀಡಿಯೊವನ್ನೂ ಕಳಿಸಿದ್ದರು, ಅದರಲ್ಲಿ ಗೋಸುಂಬೆ ಕೊಂಬೆ ಹತ್ತುವಾಗ ಒಂದು ಕ್ಷಣ ಹಿಮ್ಮಡಿ ಸ್ಪಷ್ಟವಾಗಿ ಕಾಣುತ್ತದೆ. ನುಣ್ಣಗಿದೆ. ನಾನು ಮೋಸ ಹೋಗಿದ್ದಕ್ಕೆ ಪುರಾವೆ ಏಳು ವಾರವೂ ನನ್ನ ಜೇಬಿನಲ್ಲಿಯೇ ಇತ್ತು.

ಎಕ್ಸ್-ರೇಯ ಚಿತ್ರವನ್ನು ಅವರಿಗೆ ಕಳಿಸಿದೆ. ಮೊದಲ ಉತ್ತರ: “ಚಿಕ್ಕದಿದ್ದಾಗ ಹೇಳೋಕೆ ಬರಲ್ಲ ಸರ್.” ಹಿಮ್ಮಡಿಯ ವಿಷಯ ಬರೆದೆ. “ನೀವು ಗಂಡು ಕೇಳಿದ್ರಿ, ಗಂಡು ಅಂತ ಕೊಟ್ಟೆ.” ಈ ವಾಕ್ಯವನ್ನು ಎಷ್ಟು ಸಲ ಓದಿದರೂ ನನಗೆ ಇನ್ನೂ ಅರ್ಥವಾಗಿಲ್ಲ. ಬಲ್ಬಿನ ಬಗ್ಗೆ ಕೇಳಿದೆ. “ಜೀವ ಇರೋ ವಸ್ತುಗೆ ಗ್ಯಾರಂಟಿ ಇಲ್ಲ.” ನಾನು ಕೇಳಿದ್ದು ಬಲ್ಬಿನ ಬಗ್ಗೆ! ಆಮೇಲೆ ಬಂತು: “ಜಾಸ್ತಿ ತಿನ್ನಿಸಿದೀರ, ಅದಕ್ಕೇ ಅಷ್ಟು ಮೊಟ್ಟೆ.” ಇದರಲ್ಲಿ ಅರ್ಧ ಸತ್ಯವಿದೆ, ಹೆಣ್ಣಿಗೆ ಮಿತಿಮೀರಿ ತಿನ್ನಿಸಿದರೆ ಮೊಟ್ಟೆಗಳ ಸಂಖ್ಯೆ ಹೆಚ್ಚುವುದು ನಿಜ. ಎಷ್ಟು ತಿಂದರೆ ಅಷ್ಟು ಹಾಕಿ ಎಂದವರು ಅವರೇ ಎಂದು ಹಳೆಯ ಸಂದೇಶವನ್ನು ತೆಗೆದು ತೋರಿಸಿದೆ. ಒಂದು ಗಂಟೆಯ ನಂತರ ಕೊನೆಯ ಉತ್ತರ: “ಬೇಜಾರ್ ಮಾಡ್ಕೋಬೇಡಿ ಸರ್, ಇನ್ನೊಂದು ಬಂದಿದೆ, ನಿಮಗೆ ಕಡಿಮೆಗೆ ಕೊಡ್ತೀನಿ.” ನಾನು ಬರೆದ ಉತ್ತರವನ್ನು ಇಲ್ಲಿ ಹಾಕುವಂತಿಲ್ಲ. ಅದಾದ ಮೇಲೆ ನನ್ನ ಸಂಖ್ಯೆಯನ್ನು ತಡೆಹಿಡಿದಿದ್ದಾರೆ.

ಕೊಳ್ಳುವವರಿಗೆ ಹೇಳುವುದಿಷ್ಟೇ. ಪ್ರಾಣಿಗಿಂತ ಮೊದಲು ಸರೀಸೃಪಗಳನ್ನು ನೋಡುವ ವೈದ್ಯರನ್ನು ಹುಡುಕಿಟ್ಟುಕೊಳ್ಳಿ. ವೇಲ್ಡ್ ಆದರೆ ಹಿಮ್ಮಡಿಯನ್ನು ನೀವೇ ನೋಡಿ. ಹೆಣ್ಣಾದರೆ ಐದಾರು ತಿಂಗಳಾಗುವುದರೊಳಗೆ ಅಗೆಯಲು ಒಂದಡಿಯಷ್ಟು ಆಳದ ಒದ್ದೆ ಮರಳಿನ ತೊಟ್ಟಿಯನ್ನು ಇಟ್ಟುಬಿಡಿ. ಮಾರುವವರು ಕೊಡುವ ಪೆಟ್ಟಿಗೆ, ಬಲ್ಬು ಯಾವುದನ್ನೂ ಕೊಳ್ಳಬೇಡಿ. ಗಾಳಿಯಾಡುವ ಜಾಲರಿಯ ಎತ್ತರದ ಗೂಡು, ಉದ್ದನೆಯ ಯುವಿಬಿ ಟ್ಯೂಬು, ಎಲೆಗಳ ಮೇಲೆ ನೀರು ಸಿಂಪಡಿಸುವ ವ್ಯವಸ್ಥೆ, ಹುಳುಗಳಿಗೆ ಹಚ್ಚಲು ಡಿ3 ಇಲ್ಲದ ಕ್ಯಾಲ್ಸಿಯಂ ಪುಡಿ (ಯುವಿಬಿ ಸಿಕ್ಕರೆ ಡಿ3 ಮೈಯಲ್ಲಿಯೇ ತಯಾರಾಗುತ್ತದೆ), ಇಷ್ಟನ್ನು ಬೇರೆ ಕಡೆಯಿಂದ ತಂದುಕೊಳ್ಳಿ. ಟ್ಯೂಬು ಉರಿಯುತ್ತಿದ್ದರೂ ಅದರ ಯುವಿಬಿ ತಿಂಗಳುಗಳಲ್ಲಿ ಕುಗ್ಗುತ್ತದೆ, ತಯಾರಕರು ಹೇಳಿದ ಅವಧಿಗೆ ಬದಲಾಯಿಸಿ. ಗೋಸುಂಬೆ ಜಾತಿಗಳಲ್ಲಿ ಬಹುಪಾಲು, ದೇಶದೇಶಗಳ ನಡುವಿನ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ಕಾಗದಪತ್ರವನ್ನು ಹಣಕ್ಕಿಂತ ಮೊದಲು ಕೇಳಿ. ನನಗೆ “ಆಮೇಲೆ ಕೊಡ್ತೀನಿ” ಎಂದಿದ್ದರು.

ನಿನ್ನೆ ಕಂಡ ಅವರ ಹೊಸ ಮಾರಾಟದ ಚಿತ್ರದಲ್ಲಿ “ಗಂಡು, ಐದು ತಿಂಗಳು, ಕೈಗೆ ಒಗ್ಗಿದೆ” ಎಂದಿದೆ, ಹಿಂಗಾಲು ಮತ್ತೆ ಬೆರಳುಗಳ ಹಿಂದಿದೆ. ಸ್ನೇಹಿತನೊಬ್ಬನ ಸಂಖ್ಯೆಯಿಂದ ಹಿಮ್ಮಡಿಯ ಚಿತ್ರ ಕಳಿಸುವಂತೆ ಕೇಳಿಸಿದೆ. ಸಂದೇಶವನ್ನು ಓದಿದ್ದಾರೆ. ಚಿತ್ರ ಬಂದಿಲ್ಲ.